ಫ್ರೀಸ್‌ಲ್ಯಾಂಡಿನಲ್ಲಿ ಅಕ್ಕನ ದನಿ

ಹಾಲೆಂಡಿಗೆ ಹೋಗಿ ಬಂದ ಕನ್ನಡಿಗರ ಆಲ್ಬಮ್ಮನ್ನು ನಾನು ತೆರೆಯದೆಯೇ ವರ್ಣಿಸಬಲ್ಲೆ. ಮೊದಲ ಪುಟದಲ್ಲಿ ಟ್ಯೂಲಿಪ್ ತೋಟ, ಅದರ ಮುಂದೆ ರೇಷ್ಮೆ ಸೀರೆಯ ಮೇಲೆ ಸ್ವೆಟರು ಹಾಕಿಕೊಂಡ ಒಬ್ಬ ಆಂಟಿ. ಎರಡನೇ ಪುಟದಲ್ಲಿ ಗಾಳಿಯಂತ್ರ, ಅದರ ಮುಂದೆ ಅದೇ ಆಂಟಿ. ಮೂರನೇ ಪುಟದಲ್ಲಿ ದೋಣಿಯಷ್ಟು ದೊಡ್ಡ ಮರದ ಬೂಟು, ಅದರೊಳಗೆ ನಿಂತು ನಗಲು ಕಷ್ಟಪಡುತ್ತಿರುವ ಅಂಕಲ್. ತೊಂಬತ್ತರ ದಶಕದಲ್ಲಿ ಅಮೆರಿಕದ ಲ್ಯಾನ್‌ಹ್ಯಾಮ್ ದೇವಸ್ಥಾನದ ಕ್ಯಾಂಟೀನಿನಲ್ಲಿ ಭಾನುವಾರ ಮಧ್ಯಾಹ್ನ ಪುಳಿಯೋಗರೆ ತಟ್ಟೆಗಳ ಮೇಲಿಂದ ಇಂಥ ಆಲ್ಬಮ್ಮುಗಳು ಕೈಯಿಂದ ಕೈಗೆ ದಾಟುತ್ತಿದ್ದವು. ಎಣ್ಣೆ ಬೆರಳಿನ ಗುರುತು ಬೀಳದ ಒಂದು ಗಾಳಿಯಂತ್ರವನ್ನೂ ನಾನು ನೋಡಿಲ್ಲ.

ಇದಕ್ಕೆಲ್ಲ ರೋಸಿಹೋಗಿದ್ದವರು ಅಕ್ಕನ ಪಕ್ಕದ ಮನೆಯ ಅಂಕಲ್. ಅಕ್ಕ, ಭಾವ ಇದ್ದದ್ದು ಮೇರಿಲ್ಯಾಂಡಿನಲ್ಲಿ, ಒಂದಕ್ಕೊಂದು ಅಂಟಿಕೊಂಡ ಟೌನ್‌ಹೌಸ್ ಸಾಲಿನಲ್ಲಿ. ಗೋಡೆಯ ಆಚೆಗೆ ಈ ಅಂಕಲ್, ಆಂಟಿ. ಅಂಕಲ್ ಮೂಗಿನಿಂದ ಮಾತಾಡುತ್ತಿದ್ದರು. ಎದುರಿಗಿದ್ದವರ ಮೊಣಕೈ ಹಿಡಿದು "ಪಾಯಿಂಟ್ ಏನಂದ್ರೆ" ಅಂತ ಶುರು ಮಾಡಿದರೆ ಪಾಯಿಂಟು ಬರುವಷ್ಟರಲ್ಲಿ ಮೊಣಕೈ ಜೋಮು ಹಿಡಿದಿರುತ್ತಿತ್ತು. ನಾನು ಅವರ ದನಿ ಮಾಡಿದಾಗ ಆಂಟಿಯೇ ಅಡುಗೆಮನೆಯಿಂದ "ಏನೂಂದ್ರೆ, ಕಾಫಿ ಮಾಡ್ಲಾ" ಅಂತ ಕೇಳಿದ್ದುಂಟು. ನಾನು ಯಾರ ದನಿಯನ್ನಾದರೂ ಮಾಡುತ್ತಿದ್ದೆ. ಅರ್ಚಕರು, ಅಟ್ಲಾಂಟಾದ ನನ್ನ ಪ್ರೊಫೆಸರು, ಭಾವ ತಮ್ಮ ಬಾಸ್ ಜೊತೆ ಫೋನಿನಲ್ಲಿ ಆಡುವ ಇಂಗ್ಲಿಷು. ನನ್ನದೊಂದು ಮಾತ್ರ ಬರುತ್ತಿರಲಿಲ್ಲ. ಮಾಡಲು ಅಲ್ಲಿ ಏನಾದರೂ ಇರಬೇಕಲ್ಲ.

"ಪಾಯಿಂಟ್ ಏನಂದ್ರೆ, ಎಲ್ಲರೂ ನೋಡಿದ್ದನ್ನೇ ನೋಡೋಕೆ ನಾನ್ಯಾಕೆ ಹೋಗ್ಲಿ" ಅಂದರು ಅಂಕಲ್ ಒಂದು ಚಳಿಗಾಲದ ಭಾನುವಾರ. ಲೈಬ್ರರಿಯಿಂದ ತಂದ ಪುಸ್ತಕದಲ್ಲಿ ಅವರು ಫ್ರೀಸ್‌ಲ್ಯಾಂಡ್ ಅನ್ನುವ ಸೀಮೆಯನ್ನು ಹುಡುಕಿ ಇಟ್ಟಿದ್ದರು. ಹಾಲೆಂಡಿನ ಉತ್ತರದ ತುದಿ, ಅದರಾಚೆ ಸಮುದ್ರ. ಅಲ್ಲಿ ಒಂದು ಮನೆಯ ಚಾವಣಿಯಲ್ಲಿ ಗ್ರಹಗಳು ತಿರುಗುತ್ತವಂತೆ. ಒಂದು ಹಳ್ಳಿಯ ಚರ್ಚಿನ ನೆಲದಡಿ ಹೆಣಗಳು ಕೊಳೆಯುವುದಿಲ್ಲವಂತೆ. ಇಳಿತದ ಹೊತ್ತಿಗೆ ಸಮುದ್ರ ಹಿಂದಕ್ಕೆ ಸರಿದಾಗ ಜನ ಅದರ ತಳದ ಮೇಲೆ ನಡೆದುಕೊಂಡು ಹೋಗುತ್ತಾರಂತೆ. ಭಾವ ಹೂಂ ಅಂದರು. ಭಾವ ಯಾವುದಕ್ಕೂ ಮೊದಲು ಹೂಂ ಅನ್ನುತ್ತಾರೆ, ಆಮೇಲೆ ಅಕ್ಕನ ಮುಖ ನೋಡುತ್ತಾರೆ. ಮೇ ತಿಂಗಳಿಗೆ ಟಿಕೆಟ್ ಬುಕ್ ಆಯಿತು.

ಟಿಕೆಟ್ ಬುಕ್ ಆದ ಮೇಲೆ ಅಕ್ಕ ಬಸುರಿಯಾದಳು.

ಅದು ಮೂರನೆಯ ಸಲ. ಹಿಂದಿನ ಎರಡೂ ನಿಂತಿರಲಿಲ್ಲ. ಎರಡು ಸಲವೂ ಸಂತೋಷ ತಡೆಯಲಾರದೆ ಎಲ್ಲರಿಗೂ ಬೇಗ ಹೇಳಿಬಿಟ್ಟಿದ್ದರು. ಎರಡನೆಯದು ಹೋಗಿ ಕೆಲವು ವಾರಗಳಾದ ಮೇಲೆ ಕ್ಯಾಂಟೀನಿನಲ್ಲಿ ಯಾರೋ ಅಕ್ಕನ ಹೊಟ್ಟೆ ನೋಡಿ "ಡೆಲಿವರಿ ಯಾವಾಗ?" ಅಂತ ಕೇಳಿದರು. ಅಕ್ಕ "ಇಷ್ಟರಲ್ಲೇ" ಅಂತ ಹೇಳಿ, ತಟ್ಟೆ ತೊಳೆಯಲು ಹೋದವಳು ಬಹಳ ಹೊತ್ತು ಬರಲಿಲ್ಲ. ಈ ಸಲ ಐದು ತಿಂಗಳು ತುಂಬುವವರೆಗೆ ಯಾರಿಗೂ ಹೇಳುವುದಿಲ್ಲ, ಮೈಸೂರಿನಲ್ಲಿರುವ ಅಮ್ಮನಿಗೂ ಇಲ್ಲ ಅಂತ ತೀರ್ಮಾನ ಮಾಡಿದ್ದಳು. ಡಾಕ್ಟರು ಪ್ರಯಾಣ ಮಾಡಬಹುದು, ಆಯಾಸ ಮಾಡಿಕೊಳ್ಳಬೇಡಿ ಅಂದಿದ್ದರು. ಅಕ್ಕನ ಭಯ ಪ್ರಯಾಣದ್ದಲ್ಲ. ಟ್ರಿಪ್ ಕ್ಯಾನ್ಸಲ್ ಮಾಡಿದರೆ ಆಂಟಿಗೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಆಂಟಿಗೆ ಗೊತ್ತಾದ ವಿಷಯ ಶುಕ್ರವಾರ ರಿಚ್ಮಂಡು, ಶನಿವಾರ ಶಾರ್ಲೆಟ್ ದಾಟಿ ಭಾನುವಾರ ಅಟ್ಲಾಂಟಾದಲ್ಲಿದ್ದ ನನಗೇ ಸುದ್ದಿಯಾಗಿ ಬರುತ್ತಿತ್ತು.

"ಸೆಮಿಸ್ಟರ್ ಮುಗಿದ ತಕ್ಷಣ ನೀನೂ ಬಾ" ಅಂತ ಅಕ್ಕ ಫೋನ್ ಮಾಡಿದಳು. "ಟಿಕೆಟ್ ನಾನು ತೆಗೆಸ್ತೀನಿ."

"ನಾನ್ಯಾಕೆ?"

"ನೀನು ಮಂಗನ ಹಾಗೆ ಆಡ್ತಿದ್ರೆ ಯಾರೂ ನನ್ನ ಕಡೆ ನೋಡಲ್ಲ ಕಣೋ."

ನನ್ನ ಕಲೆಗೆ ಸಿಕ್ಕ ಮೊದಲ ಮರ್ಯಾದೆ ಅದು. ಎರಡೂ ಕೆರೊಲೈನಾಗಳನ್ನು ದಾಟಿ ಇಡೀ ದಿನ ಡ್ರೈವ್ ಮಾಡಿಕೊಂಡು ಮೇರಿಲ್ಯಾಂಡಿಗೆ ಬಂದೆ. ಅಕ್ಕ ಬಾಗಿಲು ತೆರೆದಾಗ ಸಡಿಲವಾದ ಜಾಕೆಟ್ ಹಾಕಿದ್ದಳು. ಅದನ್ನು ಅವಳು ಆ ಟ್ರಿಪ್ಪಿನಲ್ಲಿ ತೆಗೆಯಲೇ ಇಲ್ಲ.

ಫ್ರೀಸ್‌ಲ್ಯಾಂಡಿನಲ್ಲಿ ಮೊದಲು ಗಮನಕ್ಕೆ ಬರುವುದು ಆಕಾಶ. ಬೆಟ್ಟವಿಲ್ಲ, ಮರವಿಲ್ಲ, ಎಲ್ಲಿ ನಿಂತರೂ ಅದು ಭುಜದ ತನಕ ಇಳಿದಿರುತ್ತದೆ. ನಾವು ಇಳಿದುಕೊಂಡಿದ್ದ ಗೆಸ್ಟ್‌ಹೌಸ್ ಒಂದು ದೊಡ್ಡ ಹುಲ್ಲಿನ ಏರಿಯ ಕೆಳಗಿತ್ತು. ಏರಿಯಾಚೆ ಸಮುದ್ರ, ಈಚೆ ಅದಕ್ಕಿಂತ ತಗ್ಗಿನಲ್ಲಿ ನಾವು. ಮನೆಯೊಡತಿ ಕಿಟಕಿಯಿಂದ ಏರಿಯನ್ನು ತೋರಿಸಿ "ಅದು ಗಟ್ಟಿಯಾಗಿದೆ" ಅಂದಳು. ಯಾರೂ ಕೇಳಿರಲಿಲ್ಲ.

ಮೊದಲ ದಿನ ಚಾವಣಿಯ ಗ್ರಹಗಳು. ಇನ್ನೂರು ವರ್ಷದ ಹಿಂದೆ ಉಣ್ಣೆ ಹಿಂಜುವ ಒಬ್ಬಾತ ತನ್ನ ಮನೆಯ ನಡುಕೋಣೆಯ ಚಾವಣಿಯಲ್ಲಿ ಸೂರ್ಯಮಂಡಲವನ್ನೇ ಕಟ್ಟಿದ್ದ. ನೀಲಿ ಹಲಗೆ, ಅದರ ಸೀಳುಗಳಲ್ಲಿ ದಾರಕ್ಕೆ ತೂಗುಬಿದ್ದ ಗ್ರಹಗಳು. ಮೇಲೆ ಅಟ್ಟದಲ್ಲಿ ಮರದ ಹಲ್ಲಿನ ಚಕ್ರಗಳು ಕಟಕಟ ಅನ್ನುತ್ತಿದ್ದವು. ಗ್ರಹಗಳೆಲ್ಲ ಒಂದೆಡೆ ಕೂಡಿ ಭೂಮಿ ಸುಟ್ಟುಹೋಗುತ್ತದೆ ಅಂತ ಊರಿನವರು ಹೆದರಿದ್ದರಂತೆ, ಅವರ ಹೆದರಿಕೆ ಬಿಡಿಸಲು ಅವನು ಇದನ್ನು ಕಟ್ಟಿದನಂತೆ. ಆಂಟಿಗೆ ಹೆದರಿಕೆ ಬಿಡಲಿಲ್ಲ.

"ರಾಹು, ಕೇತು ಎಲ್ಲಿ?" ಅಂತ ಗೈಡನ್ನು ಕೇಳಿದರು.

ಭಾವ ಇಂಗ್ಲಿಷಿಗೆ ತಿರುಗಿಸುವ ಪ್ರಯತ್ನ ಮಾಡಿ ಕೈಬಿಟ್ಟರು. "ಇಲ್ಲ ಆಂಟಿ, ಇವರು ಇಟ್ಟಿಲ್ಲ."

"ಇಟ್ಟಿಲ್ಲ ಅಂದ್ರೆ ಇಲ್ಲ ಅಂತಲ್ಲ" ಅಂದರು ಆಂಟಿ. ಅವರು ಶನಿಯ ಕೆಳಗೆ ಯಾರೂ ನಿಲ್ಲಬಾರದು ಅಂತ ನಮ್ಮನ್ನೆಲ್ಲ ಗೋಡೆಯ ಪಕ್ಕಕ್ಕೆ ಸರಿಸಿದರು. ಅಕ್ಕ ಆಗಲೇ ಶನಿಯ ಕೆಳಗಿದ್ದ ಬೆಂಚಿನ ಮೇಲೆ ಕೂತುಬಿಟ್ಟಿದ್ದಳು. ಏಳಲು ಅವಳಿಗೆ ಆಗುತ್ತಿರಲಿಲ್ಲ, ತಲೆ ಸುತ್ತುತ್ತಿತ್ತು. ನಾನು ತಕ್ಷಣ ಶನಿಮಹಾತ್ಮನ ದನಿ ಮಾಡಿದೆ: ಅಮೆರಿಕನ್ ಇಮಿಗ್ರೇಷನ್ ಆಫೀಸರನ ಹಾಗೆ, "ಎಷ್ಟು ದಿನ ಇರ್ತೀರಿ, ಯಾಕೆ ಬಂದ್ರಿ". ಅಂಕಲ್ ನಕ್ಕರು. ಆಂಟಿ ನಗಲಿಲ್ಲ, ಆದರೆ ನನ್ನನ್ನು ನೋಡಿದರು, ಅಷ್ಟೇ ಬೇಕಿತ್ತು.

ಎರಡನೇ ದಿನ ಹೆಣಗಳು. ಹೊಲಗಳ ನಡುವೆ ಒಂಟಿ ಚರ್ಚು, ನೆಲದಡಿಗೆ ಇಳಿಯಲು ಕಿರಿದಾದ ಮೆಟ್ಟಿಲು. ಗಾಜಿನ ಮುಚ್ಚಳದ ಪೆಟ್ಟಿಗೆಗಳಲ್ಲಿ ನಾಲ್ವರು ಮಲಗಿದ್ದರು, ಚರ್ಮ ಒಣಗಿ ಹಳೇ ಚಪ್ಪಲಿಯ ಬಣ್ಣಕ್ಕೆ ಬಂದಿತ್ತು. ಯಾಕೆ ಕೊಳೆಯಲಿಲ್ಲ ಅಂತ ಯಾರಿಗೂ ಗೊತ್ತಿಲ್ಲವಂತೆ. ನೆಲಮಾಳಿಗೆಯ ಗಾಳಿಯೇ ಹಾಗೋ ನೋಡೋಣ ಅಂತ ಯಾರೋ ಸತ್ತ ಹಕ್ಕಿಗಳನ್ನು ಚಾವಣಿಗೆ ತೂಗುಹಾಕಿದ್ದರು. ಅವೂ ಕೊಳೆತಿರಲಿಲ್ಲ.

ಬಸುರಿ ಹೆಣ ನೋಡಬಾರದು ಅನ್ನುವುದು ನನಗೂ ಗೊತ್ತಿತ್ತು. ಅಕ್ಕ ನನ್ನ ಹಿಂದೆ, ನನ್ನ ಭುಜ ಹಿಡಿದು ಕಣ್ಣು ಮುಚ್ಚಿಕೊಂಡು ಇಳಿದಳು. ಕೆಳಗೆ ಆಂಟಿ ಕಾಯುತ್ತಿದ್ದರು.

"ಕಣ್ಣು ಬಿಡಮ್ಮ, ದುಡ್ಡು ಕೊಟ್ಟು ಬಂದಿದೀವಿ."

ಅಕ್ಕ ಪೆಟ್ಟಿಗೆ ಕಾಣದಿರಲೆಂದು ಮುಖವನ್ನು ಮೇಲಕ್ಕೆತ್ತಿ ಕಣ್ಣು ಬಿಟ್ಟಳು. ನೆತ್ತಿಯ ಮೇಲೆ ಒಂದು ಗೇಣು ದೂರದಲ್ಲಿ ರೆಕ್ಕೆ ಬಿಚ್ಚಿಕೊಂಡ ಒಣ ಹಕ್ಕಿ. ಅವಳ ಬೆರಳು ನನ್ನ ಭುಜದೊಳಕ್ಕೆ ಹೋದವು. ನಾನು ಏನಾದರೂ ಮಾಡಲೇಬೇಕಿತ್ತು, ಪೆಟ್ಟಿಗೆಯಲ್ಲಿದ್ದವನ ದನಿಯಲ್ಲಿ "ಪಾಯಿಂಟ್ ಏನಂದ್ರೆ, ನಾನೂ ಟೂರ್ ಬಂದವ್ನೇ" ಅಂದೆ.

"ಬಿಡ್ತು ಅನ್ನೋ" ಅಂದರು ಆಂಟಿ, ದನಿ ತಗ್ಗಿಸಿ. "ಅಸ್ತು ದೇವತೆಗಳು ಓಡಾಡ್ತಾ ಇರ್ತಾರೆ. ಕೆಟ್ಟ ಮಾತು ಬಾಯಿಗೆ ಬಂದ ಹೊತ್ತಿಗೆ ಸರಿಯಾಗಿ ಅಸ್ತು ಅಂದ್ಬಿಟ್ರೆ ಅದು ಆಗೇ ಆಗತ್ತೆ."

"ಆಂಟಿ, ಅವರಿಗೆ ಡಚ್ ವೀಸಾ ಇರತ್ತಾ?"

"ಬಿಡ್ತು ಅನ್ನು."

ಬಿಡ್ತು ಅಂದೆ. ಆ ನೆಲಮಾಳಿಗೆಯಲ್ಲಿ ನನ್ನ ಬಿಡ್ತು ಕೂಡ ಒಣಗಿ ಉಳಿದುಕೊಂಡ ಹಾಗೆ ಕೇಳಿಸಿತು.

ಮೂರನೇ ದಿನ ಸಮುದ್ರದ ತಳದ ನಡಿಗೆ. ಇದನ್ನು ಅಕ್ಕ ಮಾಡುವ ಹಾಗೆಯೇ ಇರಲಿಲ್ಲ. ಕೆಸರಿನಲ್ಲಿ ಗಂಟೆಗಟ್ಟಲೆ ನಡೆಯಬೇಕು, ನಡುವೆ ಸುಸ್ತಾಯಿತು ಅಂತ ಕೂರುವಂತಿಲ್ಲ. ತಲೆನೋವು, ಜ್ವರ ಅಂದರೆ ಆಂಟಿ ಬಿಡುವವರಲ್ಲ, ತಾವೂ ಉಳಿದು ಹಣೆಗೆ ಬಾಮು ತಿಕ್ಕಿ, ಹಾಗೇ ವಿಚಾರಣೆ ಮಾಡುತ್ತಿದ್ದರು. ಆಂಟಿಯನ್ನು ಬಾಗಿಲಾಚೆಗೇ ನಿಲ್ಲಿಸುವ ಸಬೂಬು ಒಂದೇ ಇತ್ತು. ಅದು ಅಕ್ಕನಿಗೇ ಹೊಳೆದದ್ದು. ತಿಂಗಳ ರಜೆ, ಹೊರಗಾಗಿದೀನಿ ಅಂದುಬಿಡುವುದು. ಆಂಟಿ ಮೇರಿಲ್ಯಾಂಡಿನಲ್ಲೂ ಆ ಮೂರು ದಿನ ಅಡುಗೆಮನೆಗೆ ಕಾಲಿಡುತ್ತಿರಲಿಲ್ಲ. ಬಸುರಿನ ಅನುಮಾನವೂ ಅದರಿಂದ ಪೂರ್ತಿ ಅಳಿಸಿಹೋಗುತ್ತಿತ್ತು.

ಬೆಳಗ್ಗೆ ನಾನು ಅವಳಿಗೆ ಬಿಸಿನೀರು ಕೊಡಲು ಕೋಣೆಗೆ ಹೋಗಿದ್ದೆ. ಭಾವ ಕೆಳಗೆ ಬೂಟು ಅಳತೆ ನೋಡುತ್ತಿದ್ದರು. ಅಕ್ಕ ಬಚ್ಚಲಲ್ಲಿ ಬಗ್ಗಿ ವಾಂತಿ ಮಾಡುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು.

"ಏನಮ್ಮ, ರೆಡಿನಾ?" ಆಂಟಿ.

ಅಕ್ಕ ತಲೆಯೆತ್ತಿ ನನ್ನನ್ನು ನೋಡಿದಳು. ಮಾತಾಡಲು ಬಾಯಿ ತೆರೆದರೆ ಮತ್ತೆ ವಾಂತಿ. ನೀನೇ ಹೇಳು ಅಂತ ಕೈಸನ್ನೆ ಮಾಡಿದಳು. ಇಪ್ಪತ್ತೆರಡರ ಗಂಡಸು, ಅಕ್ಕನ ಮಾತನ್ನು, ಅದೂ ಈ ಮಾತನ್ನು, ಹೆಂಗಸೊಬ್ಬರಿಗೆ ಹೇಳುವುದು. ಕಿವಿ ಬಿಸಿಯಾಯಿತು. ಕಣ್ಣು ಮುಚ್ಚಿಕೊಂಡು ಅಕ್ಕನ ದನಿ ತೆಗೆದೆ, ನಿದ್ದೆಗಣ್ಣಿನ ದನಿ, ಕೊನೆಗೆ ಸ್ವಲ್ಪ ಎಳೆಯುವುದು.

"ಆಂಟೀ, ನಾನು ಹೊರಗಾಗಿದೀನಿ. ನೀವು ಹೋಗ್ಬನ್ನಿ."

"ಓ, ಸರಿ ಸರಿ. ಆ ಚಟ್ನಿಪುಡಿ ಡಬ್ಬ ನಿನ್ನ ರೂಮಲ್ಲೇ ಇದ್ಯಲ್ಲ. ಮುಟ್ಟಿಲ್ಲ ತಾನೇ?"

"ಇಲ್ಲ ಆಂಟಿ."

"ಯಾರ ಕೈಲಾದ್ರೂ ಕಳಿಸು. ಮಲಕ್ಕೋ."

ಹೆಜ್ಜೆಗಳು ಇಳಿದು ಹೋದವು. ಮೆಚ್ಚುಗೆ ಸಿಗುತ್ತದೆ ಅಂತ ನಗುತ್ತಾ ತಿರುಗಿದೆ. ಅಕ್ಕ ಬಚ್ಚಲ ಬಾಗಿಲಲ್ಲಿ ಟವೆಲ್ಲು ಹಿಡಿದು ನಿಂತಿದ್ದಳು. ಅವಳ ಮುಖ ನೋಡಿದ ಮೇಲೆ ಗೊತ್ತಾಯಿತು, ಆ ಮಾತು ಯೋಚನೆಯಾಗಿದ್ದಾಗ ಒಂದು ಥರ, ತನ್ನದೇ ದನಿಯಲ್ಲಿ ಕಿವಿಗೆ ಬಿದ್ದಾಗ ಇನ್ನೊಂದು ಥರ. ಎರಡು ಸಲ, ಬಸುರಿಯಾಗಿದ್ದಾಗಲೇ, ಅವಳು ಆ ರಕ್ತವನ್ನು ನಿಜವಾಗಿ ಕಂಡಿದ್ದಳು.

"ಬಿಡ್ತು ಅನ್ನು" ಅಂದಳು.

"ಬಿಡ್ತು."

"ಹಾಗಲ್ಲ. ನನ್ನ ದನಿಲಿ ಅನ್ನು. ಹೇಳಿದ್ದು ನನ್ನ ದನಿಲಿ ತಾನೇ."

ಪ್ರಯತ್ನಿಸಿದೆ. ಅರ್ಧ ನಿಮಿಷದ ಹಿಂದೆ ಬೆಣ್ಣೆಯ ಹಾಗೆ ಬಂದಿದ್ದ ದನಿ ಈಗ ಗಂಟಲಲ್ಲಿ ಒಡೆದು ಅಂಕಲ್ ಮೂಗಿನ ಹಾಗೆ, ಅರ್ಚಕರ ಹಾಗೆ, ಇನ್ಯಾರದೋ ಹಾಗೆ ಬಂತು. ಅಕ್ಕ ಸಾಕು ಅಂತ ಕೈಯೆತ್ತಿ, ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಚಟ್ನಿಪುಡಿ ಡಬ್ಬ ಹಿಡಿದು ಕೆಳಗಿಳಿದೆ.

ಸಮುದ್ರ ಇರಲಿಲ್ಲ. ಏರಿ ಹತ್ತಿ ನಿಂತರೆ ಕಣ್ಣು ಹೋಗುವಷ್ಟು ದೂರವೂ ಬೂದು ಕೆಸರು, ಅಲ್ಲಲ್ಲಿ ಹೊಳೆಯುವ ನೀರಿನ ಗೆರೆ. ದಾರಿ ತೋರಿಸುತ್ತಾ ಮುಂದೆ ನಡೆಯುತ್ತಿದ್ದವನು ಕೆಂಪು ಮುಖದ ಎತ್ತರದ ಮನುಷ್ಯ, ಕೈಯಲ್ಲಿ ತನಗಿಂತ ಉದ್ದದ ಕೋಲು. ಒಂದೇ ಕಡೆ ನಿಲ್ಲಬೇಡಿ, ನಿಂತರೆ ನೆಲ ಹಿಡಿದುಕೊಳ್ಳುತ್ತದೆ ಅಂದ. ನಾವು ನಡೆದೆವು. ಕಾಲು ಎತ್ತಿದಾಗಲೆಲ್ಲ ಕೆಸರು ಬಾಯಿ ಚಪ್ಪರಿಸಿದ ಸದ್ದು. ತಿರುಗಿ ನೋಡಿದರೆ ನಮ್ಮ ಹೆಜ್ಜೆಗಳು ಆಗಲೇ ತುಂಬಿಕೊಳ್ಳುತ್ತಿದ್ದವು.

ಭಾವ ನನ್ನ ಪಕ್ಕಕ್ಕೆ ಬಂದರು. "ಇದು ಸಮುದ್ರ ಅಂತ ಲೆಕ್ಕಾನಾ?"

"ನೀರೇ ಇಲ್ವಲ್ಲ ಭಾವ."

"ಹೆಂಡತಿ ಬಸುರಿ ಆದಾಗ ಗಂಡ ಸಮುದ್ರಸ್ನಾನ ಮಾಡಬಾರದಂತೆ. ಮೊದಲನೇ ಸಲ ನಮ್ಮಮ್ಮ ಹೇಳಿದ್ರು. ನಾನು ನಕ್ಕು, ವರ್ಜೀನಿಯಾ ಬೀಚಿಗೆ ಹೋಗಿ ಈಜಿ ಬಂದೆ."

ಕೀಟಲೆಗೆ ಬಾಯಿ ತೆರೆದವನು ಮುಚ್ಚಿಕೊಂಡೆ. ಭಾವ ಕಂಪ್ಯೂಟರಿನಲ್ಲಿ ಮಾತ್ರ ನಂಬಿಕೆ ಇಟ್ಟವರು, ಅವರು ಹೆದರಿದ್ದನ್ನು ನಾನು ನೋಡಿರಲಿಲ್ಲ. ಆ ದನಿಯನ್ನು ಅನುಕರಿಸಲು ಮನಸ್ಸೂ ಬರಲಿಲ್ಲ.

ವಾಪಸು ಬರುವಾಗ ಒಂದು ಕಾಲುವೆ ಅಡ್ಡ ಬಂತು. ಹೋಗುವಾಗ ಪಾದ ನೆನೆಯುವಷ್ಟಿದ್ದದ್ದು. ಈಗ ನೀರು ಮೆಲ್ಲಗೆ, ಸದ್ದಿಲ್ಲದೆ, ದಡದ ಕಡೆಗೆ ಹರಿಯುತ್ತಿತ್ತು. ಕೋಲಿನವನು ಆಳ ನೋಡಿ "ಸೊಂಟದವರೆಗೆ. ಬೇಗ" ಅಂದ. ಅಂಕಲ್ ಪ್ಯಾಂಟು ಎತ್ತಿಕೊಂಡು ಇಳಿದರು, ಆಂಟಿ ಸೀರೆಯ ಬದಲು ಹಾಕಿದ್ದ ಅಂಕಲ್‌ರ ಹಳೇ ಟ್ರ್ಯಾಕ್ ಪ್ಯಾಂಟಿನಲ್ಲಿ ಶ್ಲೋಕ ಹೇಳುತ್ತಾ ಇಳಿದರು. ಭಾವ ಮಾತ್ರ ಅಂಚಿನಲ್ಲಿ ನಿಂತರು.

"ಬೇರೆ ದಾರಿ ಇಲ್ವಾ?" ಅಂತ ಕೇಳಿದರು.

ಕೋಲಿನವನು ನಮ್ಮ ಹಿಂದಕ್ಕೆ ಕೈ ತೋರಿಸಿದ. ನಡೆದು ಬಂದ ಕೆಸರು ಹೊಳೆಯತೊಡಗಿತ್ತು. ಭಾವನ ಬೂಟುಗಳು ನಿಂತಲ್ಲೇ ಹೂತು ಹೋಗುತ್ತಿದ್ದವು. ಅವರು ಒಂದು ಕಾಲು ಎಳೆದರು, ಇನ್ನೊಂದು ಎಳೆದರು, ನೀರಿಗಿಳಿದರು. ನಡುವಿನಲ್ಲಿ ಕಾಲು ಜಾರಿ ಒಂದು ಸಲ ತಲೆಯವರೆಗೂ ಮುಳುಗಿ ಎದ್ದರು. ಅಂಕಲ್ ಬಿದ್ದು ಬಿದ್ದು ನಕ್ಕರು. ಭಾವ ಮುಖದ ಮೇಲಿನ ಉಪ್ಪುನೀರನ್ನು ಒರೆಸಿಕೊಳ್ಳಲೂ ಇಲ್ಲ, ಏರಿಯ ಕಡೆಗೆ ಬೇಗ ಬೇಗ ನಡೆದರು.

ಗೆಸ್ಟ್‌ಹೌಸಿನ ಮೆಟ್ಟಿಲನ್ನು ನಾವಿಬ್ಬರೂ ಕೆಸರುಗಾಲಲ್ಲೇ ಹತ್ತಿದೆವು. ಅಕ್ಕ ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು, ಎರಡೂ ಕೈ ತೊಡೆಯ ಮೇಲೆ.

"ಕಾಣಿಸ್ಕೊಂಡಿದೆ" ಅಂದಳು. "ಸ್ವಲ್ಪ."

ಭಾವ ಅಲ್ಲೇ ನೆಲದ ಮೇಲೆ ಕೂತರು. ಅವರ ಬಟ್ಟೆಯಿಂದ ನೀರು ಹರಿದು ಹಾಸಿಗೆಯ ಕಡೆಗೆ ಹೋಗುತ್ತಿತ್ತು. ಬಾಡಿಗೆಗೆ ತೆಗೆದಿದ್ದ ವ್ಯಾನಿನ ಕೀ ಅಂಕಲ್ ಹತ್ತಿರ. ಫೋನು ಕೆಳಗೆ, ಆಂಟಿ ಕೂತಿದ್ದ ಕೋಣೆಯಲ್ಲಿ. ಆಂಟಿಯ ಲೆಕ್ಕದಲ್ಲಿ ಈ ಮನೆಯಲ್ಲಿ ಎಲ್ಲವೂ ಕ್ರಮವಾಗಿ ನಡೆಯುತ್ತಿತ್ತು. ನಾವೇ ಹಾಗೆ ಹೇಳಿದ್ದೆವು.

"ಹೇಳ್ಬಿಡು ಅವ್ರಿಗೆ" ಅಂದಳು ಅಕ್ಕ.

ಆಂಟಿ ಕೆಳಗೆ ಕಾಲು ತೊಳೆದುಕೊಂಡು ಟೀ ಕುಡಿಯುತ್ತಿದ್ದರು. ನಾನು ಹೇಳಿದೆ: ಅಕ್ಕ ಬಸುರಿ, ನಾಲ್ಕನೇ ತಿಂಗಳು, ಬೆಳಗ್ಗೆ ಹೇಳಿದ್ದು ಸುಳ್ಳು, ಈಗ ನಿಜವಾಗಿ ರಕ್ತ ಹೋಗ್ತಿದೆ.

ಆಂಟಿ ಕಪ್ಪು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು. "ಇದು ಯಾರ ದನಿನೋ?"

"ನಂದೇ ಆಂಟಿ."

ಅವರು ಎದ್ದರು. ಮನೆಯೊಡತಿಗೆ ಕನ್ನಡದಲ್ಲೇ ಏನೋ ಹೇಳಿ, ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು ತೋರಿಸಿ, ಫೋನಿನ ಕಡೆಗೆ ಬೆರಳು ಮಾಡಿದರು. ಅವಳಿಗೆ ಪೂರ್ತಿ ಅರ್ಥವಾಯಿತು. ಆಮೇಲೆ ಮೆಟ್ಟಿಲು ಹತ್ತಿ ಬಂದು, ಅಕ್ಕನನ್ನು ಮಲಗಿಸಿ, ಅವಳ ಎರಡೂ ಪಾದಗಳನ್ನು ಎತ್ತಿ ತಮ್ಮ ಮಡಿಲಲ್ಲಿ ಇಟ್ಟುಕೊಂಡು ಕೂತರು.

"ನನಗೆ ಹೇಳಿದ್ರೆ ಊರಿಗೆಲ್ಲ ಹೇಳ್ತೀನಿ ಅಂತ ತಾನೇ."

ಅಕ್ಕ ಜಾಕೆಟ್ಟಿನ ಅಂಚನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು.

"ಹೇಳ್ತಿದ್ದೆ" ಅಂದರು ಆಂಟಿ.

ಸೂಲಗಿತ್ತಿ ಸೈಕಲ್ಲಿನಲ್ಲಿ ಬಂದಳು. ಆ ಸೀಮೆಯಲ್ಲಿ ಡಾಕ್ಟರಿಗಿಂತ ಮೊದಲು ಅವಳೇ ಬರುವುದಂತೆ. ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು, ಮಳೆಕೋಟಿನ ಜೇಬಿನಿಂದ ಮಗುವಿನ ಎದೆಬಡಿತ ಕೇಳಿಸುವ ಬ್ಯಾಟರಿಯ ಪುಟ್ಟ ಯಂತ್ರ ತೆಗೆದಳು. ಗಂಡಸರು ಹೊರಗೆ ಹೋಗಬೇಕೇನೋ ಅಂತ ನಾನು ಬಾಗಿಲಿಗೆ ಹೋದೆ, ಯಾರೂ ಹೋಗು ಅನ್ನಲಿಲ್ಲ. ಹೊಸ್ತಿಲಲ್ಲಿ ಬೆನ್ನು ತಿರುಗಿಸಿ ನಿಂತೆ.

ಯಂತ್ರ ಹೊರಡಿಸಿದ ಮೊದಲ ಸದ್ದು ಗಾಳಿ. ಆ ದಿನ ಬೆಳಗ್ಗೆಯಿಂದ ಕೇಳಿದ್ದ ಅದೇ ಗಾಳಿ, ಏನೂ ಇಲ್ಲದ ಬಯಲಿನ ಮೇಲೆ ಬೀಸುವ ಹಾಗೆ. ಆಮೇಲೆ ನಿಧಾನವಾಗಿ ಬಡಿಯುವುದೊಂದು ಕೇಳಿಸಿತು. ಭಾವ "ಅದೇನಾ?" ಅಂದರು.

"ಇದು ತಾಯಿಯದು" ಅಂದಳು ಸೂಲಗಿತ್ತಿ.

ಮತ್ತೆ ಗಾಳಿ. ಅವಳು ಜಾಗ ಬದಲಾಯಿಸಿದಳು. ಮತ್ತೆ ಗಾಳಿ. ಯಾವ ಸದ್ದನ್ನಾದರೂ ಒಮ್ಮೆ ಕೇಳಿದರೆ ಹಿಡಿಯುತ್ತಿದ್ದ ನನ್ನ ಕಿವಿ ಆ ಖಾಲಿಯನ್ನು ಹಿಡಿದಿಟ್ಟುಕೊಂಡಿದೆ, ಈಗಲೂ ಮಾಡಿ ತೋರಿಸಬಲ್ಲೆ, ತೋರಿಸುವುದಿಲ್ಲ. ಆಂಟಿ ಮೆಲ್ಲಗೆ ಗುನುಗುತ್ತಿದ್ದ ಶ್ಲೋಕ ನಿಂತುಹೋಗಿತ್ತು. ಕಿಟಕಿಯಾಚೆ ನೀರು ಏರಿಯ ಬುಡಕ್ಕೆ ಬಂದು ಮುಟ್ಟಿದ ಸದ್ದು ಬೇರೆ. ಆಗ ಯಂತ್ರದೊಳಗೆ, ಬಹಳ ದೂರದಲ್ಲಿ, ಏನೋ ಓಡತೊಡಗಿತು. ಬೇಗ ಬೇಗ, ಯಾರೋ ಅಟ್ಟಿಸಿಕೊಂಡು ಬರುತ್ತಿರುವ ಹಾಗೆ.

ನಾನು ತಿರುಗಿದೆ, ಅಕ್ಕನ ತಲೆಯ ಬಳಿಗೆ ಸರಿದಿದ್ದ ಆಂಟಿ ಬಾಯಿ ತೆರೆದರು. ಅಕ್ಕ ತಟ್ಟನೆ ಕೈ ಚಾಚಿ ಅವರ ಬಾಯಿ ಮುಚ್ಚಿದಳು. ಯಾರೂ ಏನೂ ಅನ್ನಲಿಲ್ಲ, ಒಳ್ಳೆಯದನ್ನೂ ಅನ್ನಲಿಲ್ಲ.

"ಇನ್ನೇನೂ ತೊಂದರೆ ಇಲ್ಲವಾ?" ಭಾವ ಕೇಳಿದರು.

"ಇವತ್ತು ಇದೆ" ಅಂದಳು ಸೂಲಗಿತ್ತಿ. "ನಾಳೆಯದು ನಾನು ಹೇಳಲಾರೆ."

ಕೆಲವು ದಿನ ಅಲ್ಲೇ ಮಲಗಿಸಿ, ಪಟ್ಟಣದ ಡಾಕ್ಟರು ಹೂಂ ಅಂದ ಮೇಲೆ ಅಕ್ಕನನ್ನು ಮೇರಿಲ್ಯಾಂಡಿಗೆ ಕರೆತಂದೆವು. ರಕ್ತ ನಿಲ್ಲುತ್ತಿತ್ತು, ಮತ್ತೆ ಕಾಣಿಸುತ್ತಿತ್ತು. ಹಾಸಿಗೆ ಬಿಟ್ಟು ಏಳಬೇಡ ಅಂದಿದ್ದರು. ನಾನು ಅಟ್ಲಾಂಟಾಕ್ಕೆ ವಾಪಸಾಗಿ ಬೇಸಿಗೆಯ ಕೆಲಸಕ್ಕೆ ಹೋಗತೊಡಗಿದೆ. ಭಾನುವಾರ ಬಂತು, ಇನ್ನೊಂದು ಭಾನುವಾರ ಬಂತು, ಶಾರ್ಲೆಟ್ಟಿನಿಂದ ಯಾರೂ ನನಗೆ ಸುದ್ದಿ ಹೇಳಲಿಲ್ಲ. ಆಂಟಿ ಬಾಯಿ ಬಿಟ್ಟಿರಲಿಲ್ಲ. ನಡುವಿನ ಗೋಡೆಗೆ ಕಿವಿಗೊಟ್ಟು ಮಲಗುತ್ತಾರಂತೆ, ಅಕ್ಕ ಕೆಮ್ಮಿದರೆ ಬೆಳಗ್ಗೆ ಮೆಣಸಿನ ಸಾರು ಬರುತ್ತದಂತೆ.

ಐದನೇ ತಿಂಗಳ ದೊಡ್ಡ ಸ್ಕ್ಯಾನ್ ಇದ್ದ ದಿನ ಅಕ್ಕ ಫೋನ್ ಮಾಡುತ್ತೇನೆ ಅಂದಿದ್ದಳು. ಕಾಯುವುದು ತಡೆಯಲಾರದೆ ನಾನು ಕಾಲಿಂಗ್ ಕಾರ್ಡ್ ಹಾಕಿ ಮೈಸೂರಿಗೆ ಅಮ್ಮನಿಗೆ ಮಾಡಿದೆ.

"ಅವಳು ಹೇಗಿದಾಳೋ? ಫೋನೇ ಇಲ್ಲ."

"ಚೆನ್ನಾಗಿದಾಳೆ. ಕೆಲಸ ಜಾಸ್ತಿ ಅಂತೆ."

"ಅವಳ ಹಾಗೆ ಒಂದ್ಸಲ ಮಾತಾಡೋ. ದನಿ ಕೇಳಿ ಎಷ್ಟು ದಿನ ಆಯ್ತು."

ಅಮ್ಮ ಪ್ರತಿ ಸಲ ಕೇಳುವುದು ಅದನ್ನೇ, ನಾನು ಪ್ರತಿ ಸಲ ಮಾಡುತ್ತಿದ್ದೆ. "ಗಂಟಲು ಕಟ್ಟಿದೆ ಅಮ್ಮ" ಅಂದೆ.

"ಒಂದೇ ಒಂದು ಮಾತು."

ಅಷ್ಟರಲ್ಲಿ ಲೈನಿನಲ್ಲಿ ಇನ್ನೊಂದು ಕರೆಯ ಬೀಪ್ ಬಂತು. ಒಂದ್ನಿಮಿಷ ಇರು ಅಂತ ಹೇಳಿ ಗುಂಡಿ ಒತ್ತಿದೆ. ಆ ಕಡೆ ಉಸಿರಾಟ ಮಾತ್ರ ಕೇಳಿಸಿತು. ನಾನೂ ಏನೂ ಕೇಳಲಿಲ್ಲ. ಕೇಳಿದರೆ ಯಾವುದಾದರೂ ಒಂದು ಮಾತನ್ನು ಆಡಬೇಕಾಗುತ್ತಿತ್ತು.

"ಇದೆ ಕಣೋ" ಅಂದಳು ಅಕ್ಕ.

ರಿಸೀವರನ್ನು ಕಿವಿಗೆ ಒತ್ತಿಕೊಂಡೆ. ಅವಳ ಹಿಂದೆ ಆಂಟಿ ಯಾರಿಗೋ ಮಜ್ಜಿಗೆ ಬೇಕಾ ಅಂತ ಕೇಳುತ್ತಿದ್ದರು. ಆಮೇಲೆ ಅವಳು ಫೋನ್ ಇಟ್ಟಳು, ನಾನು ಮತ್ತೆ ಗುಂಡಿ ಒತ್ತಿ ಅಮ್ಮನ ಲೈನಿಗೆ ಬಂದೆ.

"ಯಾರೋ ಅದು?" ಅಂದರು ಅಮ್ಮ.

"ರಾಂಗ್ ನಂಬರ್ ಅಮ್ಮ."

"ರಾಂಗ್ ನಂಬರ್ ಜೊತೆ ಇಷ್ಟು ಹೊತ್ತು ಮಾತಾಡಿದ್ಯಾ?"

"ಹೂಂ" ಅಂದೆ. "ಪಾಪ, ಒಳ್ಳೆಯವರು."